ರೊಟ್ಟಿ ಬಡಿಯುವ ಕೈ: ಕೊಪ್ಪಳದ ಒಂದು ಹೆಬ್ಬೆರಳ ನೋವಿನ ಪ್ರಕರಣ

ನಾನು ಕೊಪ್ಪಳದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಗವಿಮಠದ ಜಾತ್ರೆ ಮುಗಿದು ಒಂದು ತಿಂಗಳಾಗುವ ಹೊತ್ತಿಗೆ ಹೆಬ್ಬೆರಳ ಬುಡ ಹಿಡಿದುಕೊಂಡು ಬರುವ ಹೆಣ್ಣುಮಕ್ಕಳು ನನಗೆ ಹೊಸಬರಲ್ಲ. ಜನವರಿಯ ಜಾತ್ರೆಗೆ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ ದಾಸೋಹಕ್ಕೆ ಬರುತ್ತವೆ, ಅಷ್ಟನ್ನೂ ಯಾರೋ ಮನೆಯಲ್ಲಿ ಕೂತು ಬಡಿದಿರುತ್ತಾರೆ. ಇಲ್ಲಿ ಹೇಳುತ್ತಿರುವುದು ಅಂಥ ಒಬ್ಬ ಅಕ್ಕನ ಕೈಯ ಕಥೆ. ಅವರ ಒಪ್ಪಿಗೆ ಇದೆ, ಹೆಸರು ಬೇಡ ಅಂದರು, ಹಾಗಾಗಿ ಅಕ್ಕ ಅಂತಲೇ ಬರೆಯುತ್ತೇನೆ.

ವಯಸ್ಸು 46. ಮನೆ ಭಾಗ್ಯನಗರದಲ್ಲಿ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ನಡೆದಿದೆ. ಎರಡು ಖಾನಾವಳಿಗೆ ದಿನಕ್ಕೆ ಸುಮಾರು 150 ರೊಟ್ಟಿ ಮಾಡಿ ಕೊಡುತ್ತಾರೆ, ಮನೆ ನಡೆಯುವುದು ಅದರಲ್ಲೇ. ಜಾತ್ರೆಗೆ ಮುಂಚೆ ಹತ್ತು ದಿನ ಇದರ ಮೇಲೆ ದಾಸೋಹದ ರೊಟ್ಟಿಯೂ ಸೇರಿತು. ಅದೇ ಹೊತ್ತಿಗೆ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸು ಎತ್ತುವುದು, ಎರೆಯುವುದು, ಅದರ ಬಟ್ಟೆ ಒಗೆದು ಹಿಂಡುವುದು, ಎಲ್ಲ ಇವರದೇ.

ನೋವು ಶುರುವಾಗಿದ್ದು ಜಾತ್ರೆಗೆ ಒಂದು ವಾರ ಇರುವಾಗ. ನನ್ನ ಹತ್ತಿರ ಬಂದಿದ್ದು ಫೆಬ್ರುವರಿ ಮೂರನೇ ವಾರ. ನಡುವೆ ಏನೇನು ಆಯಿತು ಅನ್ನುವುದನ್ನೂ ಹೇಳಬೇಕು, ಯಾಕೆಂದರೆ ಚಿಕಿತ್ಸೆ ಅರ್ಧ ಕೆಟ್ಟಿದ್ದು ಅಲ್ಲೇ. ಮೊದಲು ಉಳುಕಿರಬೇಕು ಅಂತ ಎಣ್ಣೆ ಹಚ್ಚಿ ತಿಕ್ಕಿದರು. ಕಡಿಮೆ ಆಗಲಿಲ್ಲ. ಪಕ್ಕದ ಊರಿನಲ್ಲಿ ಉಳುಕು ತೆಗೆಯುವವರ ಬಳಿ ಹೋದರು, ಅವರು ಹೆಬ್ಬೆರಳು ಹಿಡಿದು ಜಗ್ಗಿದರು, ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಸುಣ್ಣ ಬೆಲ್ಲ ಕಲಸಿ ಕಟ್ಟಿದರು. ಎರಡು ದಿನ ಬಿಟ್ಟು ಬಿಚ್ಚಿದಾಗ ಕೆಳಗಿನ ಚರ್ಮ ಸುಟ್ಟು ಸಿಪ್ಪೆ ಎದ್ದಿತ್ತು. ಕೊನೆಗೆ ಒಂದು ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಇರಲಿಲ್ಲ.

"ಎಕ್ಸ್‌ರೇದಾಗ ಏನೂ ಇಲ್ಲಂತ್ರಿ ಮೇಡಮ್ಮಾರ. ಮನಿಯಾಗ ನಾಟಕ ಮಾಡ್ತಾಳ ಅಂತಾರ. ತಂಬಿಗಿ ಎತ್ತಿದ್ರ ಕರೆಂಟ್ ಹೊಡದಂಗ ಆಗ್ತೈತ್ರಿ, ಯಾರಿಗೆ ತೋರಸ್ಲಿ?"

ಈ ಮಾತು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಎಕ್ಸ್‌ರೇಯಲ್ಲಿ ಕಾಣುವುದು ಎಲುಬು. ಇವರ ತೊಂದರೆ ಎಲುಬಿನದಲ್ಲ.

ಕೈ ನೋಡಿದೆ. ಬಲಗೈಯ ಮಣಿಕಟ್ಟಿನಲ್ಲಿ, ಹೆಬ್ಬೆರಳ ಕಡೆಯ ಎಲುಬು ಉಬ್ಬಿರುವ ಜಾಗದಲ್ಲಿ, ಹುಣಸೆ ಬೀಜದಷ್ಟು ಬಾವು. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೂ ಕೈ ಎಳೆದುಕೊಂಡರು. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿಸಿ, ಕೈಯನ್ನು ಕಿರುಬೆರಳ ಕಡೆಗೆ ಬಾಗಿಸಲು ಹೇಳಿದೆ. ಅರ್ಧ ಬಾಗುವ ಮೊದಲೇ ಕಣ್ಣಲ್ಲಿ ನೀರು. ಈ ಪರೀಕ್ಷೆಯನ್ನು ಎಲ್ಲರೂ ಫಿಂಕೆಲ್‌ಸ್ಟೀನ್ ಪರೀಕ್ಷೆ ಅನ್ನುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಮುಷ್ಟಿ ಕಟ್ಟಿಸುವ ವಿಧಾನ 1927ರಲ್ಲಿ ಐಕಾಫ್ ಹೇಳಿದ್ದು, 1930ರಲ್ಲಿ ಫಿಂಕೆಲ್‌ಸ್ಟೀನ್ ಬರೆದದ್ದು ಪರೀಕ್ಷೆ ಮಾಡುವವರೇ ಹೆಬ್ಬೆರಳು ಹಿಡಿದು ಕೈ ಬಾಗಿಸುವ ವಿಧಾನ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಷ್ಟಿ ಕಟ್ಟಿ ಬಾಗಿಸಿದರೆ ಏನೂ ಇಲ್ಲದ ಕೈಗೂ ಸ್ವಲ್ಪ ನೋವಾಗುತ್ತದೆ. ವಿಡಿಯೋ ನೋಡಿ ಮನೆಯಲ್ಲಿ ತಾವೇ ಮಾಡಿಕೊಂಡು ಗಾಬರಿಯಾಗಿ ಬರುವವರು ಇದ್ದಾರೆ. ಎರಡೂ ಕೈ ಹೋಲಿಸಿ ನೋಡಬೇಕು. ಅಕ್ಕನ ಎಡಗೈಯಲ್ಲಿ ಬರೀ ಎಳೆತ, ಬಲಗೈಯಲ್ಲಿ ಚೀರುವಂಥ ನೋವು.

ಬೇರೆ ಕಾರಣಗಳನ್ನೂ ನೋಡಿದೆ. ಬಿದ್ದಿರಲಿಲ್ಲ. ಬಿದ್ದು ಕೈ ಊರಿದ ಮೇಲೆ ಹೆಬ್ಬೆರಳ ಬುಡದ ಗುಳಿಯಲ್ಲಿ ನೋವಿದ್ದರೆ ಅಲ್ಲಿನ ಸಣ್ಣ ಎಲುಬು ಮುರಿದಿರಬಹುದು, ಅದನ್ನು ಉಳುಕು ಅಂತ ಬಿಡಬಾರದು. ಹೆಬ್ಬೆರಳ ಬುಡದ ಕೀಲನ್ನು ಒತ್ತಿ ತಿರುಗಿಸಿದೆ, ಅಲ್ಲಿ ನೋವಿರಲಿಲ್ಲ, ಅಂದರೆ ಕೀಲಿನ ಸವೆತ ಅಲ್ಲ. ಹೆಬ್ಬೆರಳ ಹಿಂಭಾಗ ಜೋಮು ಹಿಡಿದಿರಲಿಲ್ಲ, ಅಂದರೆ ನರದ್ದೂ ಅಲ್ಲ. ಜ್ವರ ಇರಲಿಲ್ಲ. ಕೈ ಕೆಂಪಗಾಗಿ, ಬಿಸಿಯಾಗಿ, ಜೊತೆಗೆ ಜ್ವರವೂ ಬಂದರೆ ಅದು ಸೋಂಕಿರಬಹುದು, ಬೆಲ್ಟು ಮುಲಾಮು ಅಂತ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆ ಡಿ ಕ್ವೆರ್ವೇನ್ ಕಾಯಿಲೆ ಅಂತ ಹೆಸರು. 1895ರಲ್ಲಿ ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಸ್ ಡಿ ಕ್ವೆರ್ವೇನ್ ಇದನ್ನು ವಿವರಿಸಿದರು. ಅದಕ್ಕೂ ಮುಂಚೆ ಇಂಗ್ಲಿಷ್ ವೈದ್ಯರು ಇದನ್ನು ಬಟ್ಟೆ ಒಗೆಯುವ ಹೆಂಗಸರ ಉಳುಕು ಎಂದು ಕರೆಯುತ್ತಿದ್ದರು. ಬಟ್ಟೆ ಹಿಂಡುವ ಕೈಗೆ ಇದು ಬರುತ್ತದೆ ಅನ್ನುವುದು ಆಗಲೇ ಗೊತ್ತಿತ್ತು.

ಒಳಗೆ ಏನಾಗಿದೆ ಅಂತ ಅಕ್ಕನಿಗೆ ಹೇಳಲು ನಾನು ಲಂಗದ ಲಾಡಿಯನ್ನೇ ಉದಾಹರಣೆ ಕೊಟ್ಟೆ. ಹೆಬ್ಬೆರಳನ್ನು ಎತ್ತುವ, ಹೊರಗೆ ಚಾಚುವ ಎರಡು ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗಳು, ಮಣಿಕಟ್ಟಿನ ಹತ್ತಿರ ಒಂದು ಇಕ್ಕಟ್ಟಾದ ಸುರಂಗದಲ್ಲಿ ಹಾದು ಹೋಗುತ್ತವೆ. ಲಂಗದ ಅಂಚಿನ ಮಡಿಕೆಯಲ್ಲಿ ಲಾಡಿ ಹೋಗುತ್ತದಲ್ಲ, ಹಾಗೆ. ಮಡಿಕೆಯ ಬಟ್ಟೆ ದಪ್ಪಗಾಗಿ ಬಿಗಿಯಾದರೆ ಲಾಡಿ ಸರಾಗವಾಗಿ ಜಾರುವುದಿಲ್ಲ, ಜಗ್ಗಿದಷ್ಟೂ ಸಿಕ್ಕಿಕೊಳ್ಳುತ್ತದೆ. ಇಲ್ಲಿಯೂ ಸುರಂಗದ ಮೇಲಿನ ಪಟ್ಟಿ ದಪ್ಪಗಾಗಿರುತ್ತದೆ. ಉರಿಯೂತ ಅಂತ ನಾವು ಸುಲಭಕ್ಕೆ ಹೇಳುತ್ತೇವೆ, ಆದರೆ ತಿಂಗಳುಗಟ್ಟಲೆ ಹಳೆಯದಾದ ನೋವಿನಲ್ಲಿ ಉರಿಯೂತಕ್ಕಿಂತ ಈ ದಪ್ಪಗಾಗುವುದೇ ಜಾಸ್ತಿ. ಅದಕ್ಕೇ ಬರೀ ನೋವಿನ ಮಾತ್ರೆ ನುಂಗಿದರೆ ಎರಡು ದಿನ ಆರಾಮ ಅನಿಸಿ ಮತ್ತೆ ಮೊದಲಿನಂತೆಯೇ ಆಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಬಾಣಂತಿಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿಯೂ ಹೆಚ್ಚು ಕಾಣುತ್ತೇವೆ.

"ಹಂಗಾರ ಕೊಯ್ಯಬೇಕೇನ್ರಿ?" ಅಂತ ಕೇಳಿದರು. ಇಲ್ಲ ಅಂದೆ. ಆಪರೇಷನ್ ಇದೆ, ಸುರಂಗದ ಮೇಲಿನ ಪಟ್ಟಿಯನ್ನು ಸೀಳಿ ದಾರಿ ಬಿಡಿಸುವುದು, ಸಣ್ಣದೇ. ಆದರೆ ಹೆಚ್ಚಿನವರಿಗೆ ಅದರ ಅಗತ್ಯವೇ ಬರುವುದಿಲ್ಲ. ಉಳಿದ ಚಿಕಿತ್ಸೆಯನ್ನೆಲ್ಲ ಸರಿಯಾಗಿ ಮಾಡಿಯೂ ಮೂರರಿಂದ ಆರು ತಿಂಗಳಲ್ಲಿ ಗುಣ ಕಾಣದಿದ್ದರೆ ಆಗ ಅದರ ಮಾತು. ಇಲ್ಲಿ ಸರಿಯಾಗಿ ಅನ್ನುವ ಪದವೇ ಮುಖ್ಯ.

ಅವತ್ತು ನಾನು ಮಾಡಬಹುದಾದದ್ದು ಕಡಿಮೆ ಇತ್ತು. ಸುಟ್ಟ ಚರ್ಮದ ಮೇಲೆ ನೋವಿನ ಜೆಲ್ ಹಚ್ಚುವಂತಿಲ್ಲ, ಐಸ್ ಇಡುವಂತಿಲ್ಲ. ಗಾಯದ ಮೂಲಕ ಇಂಜೆಕ್ಷನ್ ಹಾಕುವ ಮಾತಂತೂ ದೂರ. ಸುಣ್ಣ ಬೆಲ್ಲ ಹಾಕದಿದ್ದರೆ ಈ ಮೂರೂ ಮೊದಲ ದಿನವೇ ನಮ್ಮ ಕೈಯಲ್ಲಿ ಇರುತ್ತಿದ್ದವು. ಉಳಿದದ್ದು ಬೆಲ್ಟ್ ಒಂದೇ. ಅವರು ಮೆಡಿಕಲ್ ಅಂಗಡಿಯಿಂದ ಮಣಿಕಟ್ಟಿಗೆ ಸುತ್ತುವ ಒಂದು ಎಲಾಸ್ಟಿಕ್ ಪಟ್ಟಿ ಆಗಲೇ ಕೊಂಡು ತಂದಿದ್ದರು. ಈ ತಪ್ಪು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಆ ಪಟ್ಟಿ ಹೆಬ್ಬೆರಳನ್ನು ಹಿಡಿಯುವುದಿಲ್ಲ. ಹೆಬ್ಬೆರಳು ಆಡುತ್ತಿದ್ದರೆ ಆ ಎರಡು ಸ್ನಾಯುರಜ್ಜುಗಳೂ ಸುರಂಗದಲ್ಲಿ ಉಜ್ಜುತ್ತಲೇ ಇರುತ್ತವೆ. ಬೇಕಾದದ್ದು ಹೆಬ್ಬೆರಳನ್ನೂ ಮಣಿಕಟ್ಟನ್ನೂ ಸೇರಿಸಿ ಹಿಡಿಯುವ, ಒಳಗೆ ಗಟ್ಟಿ ಪಟ್ಟಿ ಇರುವ ಥಂಬ್ ಸ್ಪೈಕಾ ಬೆಲ್ಟ್. ಹೆಬ್ಬೆರಳ ತುದಿಯ ಗೆಣ್ಣು ಬಿಟ್ಟಿರುತ್ತದೆ, ಅದು ಆಡಿದರೆ ಪರವಾಗಿಲ್ಲ. ಅಕ್ಕ ಕೊಂಡಿದ್ದಕ್ಕೆ 450 ರೂಪಾಯಿ ಬಿತ್ತು. ಗಾಯದ ಜಾಗಕ್ಕೆ ತೆಳ್ಳಗೆ ಡ್ರೆಸ್ಸಿಂಗ್ ಇಟ್ಟು ಮೇಲೆ ಬೆಲ್ಟ್ ಹಾಕಿ ಕಳಿಸಿದೆ. ಹಗಲು ರಾತ್ರಿ ಹಾಕಿಕೊಳ್ಳಿ, ಸ್ನಾನಕ್ಕೆ ಬಿಚ್ಚಿ, ಕೈಗೆ ವಿಶ್ರಾಂತಿ ಕೊಡಿ ಅಂದೆ.

ಈ ಕೊನೆಯ ಮಾತೇ ನನ್ನ ತಪ್ಪು. ಹತ್ತು ದಿನ ಬಿಟ್ಟು ಬಂದಾಗ ನೋವು ಹತ್ತಕ್ಕೆ ಎಂಟರಿಂದ ಏಳಕ್ಕೆ ಇಳಿದಿತ್ತು, ಅಷ್ಟೇ. ಬೆಲ್ಟಿನ ಅಂಚಿನಲ್ಲಿ ಒಣಗಿದ ಜೋಳದ ಹಿಟ್ಟು ಅಂಟಿತ್ತು. ನಾನು ಕೇಳುವ ಮೊದಲೇ ಅವರೇ ಹೇಳಿದರು: "ರೊಟ್ಟಿ ಬಡಿಯೂ ಹೊತ್ನ್ಯಾಗ ಬಿಚ್ತೀನ್ರಿ. ಖಾನಾವಳಿಯವರು ಒಂದು ವಾರ ನೋಡ್ತಾರ, ಆಮ್ಯಾಲೆ ಬ್ಯಾರೆಯವರಿಗೆ ಕೊಟ್ಟಬಿಡ್ತಾರ."

ಅವರು ಹೇಳಿದ್ದು ಸರಿ. ದಿನಕ್ಕೆ ಐದಾರು ತಾಸು ಆ ಕೈಯಿಂದಲೇ ದುಡಿಯುವವರಿಗೆ ವಿಶ್ರಾಂತಿ ಕೊಡಿ ಅಂತ ಹೇಳಿ ಕಳಿಸಿದರೆ ಅದು ಚಿಕಿತ್ಸೆಯೇ ಅಲ್ಲ. ಯಾವ ಕೆಲಸ ಬಿಡಬೇಕು, ಯಾವುದನ್ನು ಬೇರೆ ಥರ ಮಾಡಬೇಕು, ಯಾವುದನ್ನು ಹಾಗೇ ಮಾಡಬಹುದು ಅಂತ ನಾನೇ ನೋಡಿ ಹೇಳಬೇಕಿತ್ತು. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಒಲೆಯ ಪಕ್ಕ ಕೂತೆ.

ಎರಡು ತಾಸು ಕೂತಿದ್ದೆ. ನಾನು ಅಲ್ಲಿಯವರೆಗೆ ರೊಟ್ಟಿ ಬಡಿಯುವುದೇ ನೋವಿಗೆ ಕಾರಣ ಅಂದುಕೊಂಡಿದ್ದೆ. ಅಲ್ಲ. ಬಡಿಯುವಾಗ ಅವರ ಅಂಗೈ ಚಪ್ಪಟೆ ಇರುತ್ತದೆ, ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೆ ಸೇರಿಕೊಂಡಿರುತ್ತದೆ, ಪೆಟ್ಟು ಬೀಳುವುದು ಮೊಣಕೈಯಿಂದ. ಆ ಹೊತ್ತಿಗೆ ಮುಖದಲ್ಲಿ ನೋವು ಕಾಣಲಿಲ್ಲ. ನೋವು ಕಂಡದ್ದು ಬೇರೆ ನಾಲ್ಕು ಕಡೆ. ಬಿಸಿನೀರು ಹಾಕಿದ ಹಿಟ್ಟನ್ನು ಪರಾತದಲ್ಲಿ ನಾದುವಾಗ ಹೆಬ್ಬೆರಳನ್ನು ಅಗಲಿಸಿ ಅದರ ಬುಡದಿಂದಲೇ ಒತ್ತುತ್ತಾರೆ. ರೊಟ್ಟಿಯ ಮೇಲೆ ನೀರು ಸವರುವ ಬಟ್ಟೆಯನ್ನು ಪ್ರತಿ ಸಲ ಒಂದೇ ಕೈಯಲ್ಲಿ ತಿರುಚಿ ಹಿಂಡುತ್ತಾರೆ. ಲೆಕ್ಕ ಹಾಕಿ ನೋಡಿ, ರೊಟ್ಟಿಗೊಮ್ಮೆ ಅಂದರೂ 150 ಸಲ. ಕಬ್ಬಿಣದ ಹಂಚನ್ನು ಒಂದೇ ಕೈಯಲ್ಲಿ ಚಿವುಟಿದಂತೆ ಹಿಡಿದು ಸರಿಸುತ್ತಾರೆ.

ನಾಲ್ಕನೆಯದು ಒಲೆಯ ಹತ್ತಿರ ಅಲ್ಲ, ಬಚ್ಚಲಲ್ಲಿ. ಕೂಸಿಗೆ ಎರೆಯುವಾಗ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಡಗೈಯಿಂದ ಅದರ ತಲೆ ಹಿಡಿದು, ಬಲಗೈಯಲ್ಲಿ ತುಂಬಿದ ತಂಬಿಗೆ ಎತ್ತಿ ಸುರಿಯುತ್ತಾರೆ. ಆ ಕೈ ಹೇಗೆ ಬಾಗುತ್ತದೆ ಅಂತ ಗಮನಿಸಿದೆ. ಹೆಬ್ಬೆರಳು ತಂಬಿಗೆಯ ಕಂಠ ಬಿಗಿ ಹಿಡಿದಿದೆ, ಮಣಿಕಟ್ಟು ಕಿರುಬೆರಳ ಕಡೆಗೆ ಬಾಗಿದೆ, ಮೇಲೆ ನೀರಿನ ಭಾರ ಇದೆ. ನಾನು ನೋವಿದೆಯಾ ಅಂತ ನೋಡಲು ಮಾಡಿಸುವ ಪರೀಕ್ಷೆ ಇದೇ ಅಲ್ವಾ! ದಿನಾ ಬೆಳಿಗ್ಗೆ ಮೂವತ್ತು ನಲವತ್ತು ಸಲ ಅವರು ಅದನ್ನೇ ಮಾಡುತ್ತಿದ್ದರು.

ಅಲ್ಲೇ ಕೂತು ಒಂದೊಂದೇ ಬದಲಿಸಿದೆವು. ಹಿಟ್ಟು ನಾದುವುದು ಮಗನಿಗೆ ಹೋಯಿತು. ಅವನಿಗೆ 19, ಮೊದಲು ನಾಚಿಕೊಂಡ, ಎರಡು ದಿನಕ್ಕೆ ಕಲಿತ. ನೀರಿನ ಬಟ್ಟೆ ಹಿಂಡುವುದನ್ನು ಬಿಟ್ಟು, ಅಗಲ ಬೋಗುಣಿಯಲ್ಲಿ ಸ್ವಲ್ಪವೇ ನೀರಿಟ್ಟು ಬಟ್ಟೆಯನ್ನು ಅಂಚಿಗೆ ಅಂಗೈಯಿಂದ ಒತ್ತಿ ತೆಗೆಯುವುದು. ಹಂಚಿಗೆ ಎರಡೂ ಕೈ. ಎರೆಯುವಾಗ ಮಗಳು ಪಕ್ಕದಲ್ಲಿ ಕೂತು ನೀರು ಸುರಿಯುವುದು, ಅಜ್ಜಿ ಬರೀ ಕೂಸನ್ನು ಹಿಡಿದು ತಿಕ್ಕುವುದು. ಕೂಸನ್ನು ಎತ್ತುವಾಗ ಕಂಕುಳಲ್ಲಿ ಹೆಬ್ಬೆರಳು ತೂರಿಸಿ ಎತ್ತುವ ಬದಲು, ಒಂದು ಕೈ ಕುಂಡಿಯ ಕೆಳಗೆ, ಇನ್ನೊಂದು ಕೈ ತಲೆ ಬೆನ್ನಿನ ಕೆಳಗೆ, ಅಂಗೈ ಮೇಲ್ಮುಖ ಮಾಡಿ, ಭಾರ ಮೊಣಕೈ ಕೆಳಗಿನ ತೋಳಿನ ಮೇಲೆ ಬೀಳುವ ಹಾಗೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. 150ರಿಂದ 80ಕ್ಕೆ ಇಳಿಸಿದೆವು, ಉಳಿದ 70 ಅವರ ನೆಗೆಣ್ಣಿ ಮಾಡಿಕೊಟ್ಟರು. ಆ ಹೊತ್ತು ಬಿಟ್ಟು ಬೇರೆಲ್ಲ ಹೊತ್ತು ಬೆಲ್ಟ್.

ಕೂಸಿನ ತಾಯಿ, ಅಂದರೆ ಮಗಳು, ಅವತ್ತು ಮೆಲ್ಲಗೆ ಕೈ ಮುಂದೆ ಚಾಚಿ "ನಂಗೂ ಇಲ್ಲೇ ಸಣ್ಣಗ ಹಿಡಿತೈತ್ರಿ" ಅಂದಳು. ಎಡಗೈ, ಶುರುವಾಗಿ ಒಂದು ವಾರ. ಬಾಣಂತಿಯರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ನಾನು ಈಗ ಕೇಳದೆ ಬಿಡುವುದೇ ಇಲ್ಲ. ಅವಳಿಗೆ ಬೆಲ್ಟ್ ಮತ್ತು ಕೂಸು ಎತ್ತುವ ಹೊಸ ರೀತಿ, ಇವೆರಡೇ ಸಾಕಾಯಿತು. ನಾಲ್ಕು ವಾರದಲ್ಲಿ ನೋವು ಹೋಯಿತು. ಬೇಗ ಹಿಡಿದರೆ ಇಷ್ಟು ಸುಲಭ. ಹಾಲುಣಿಸುವವರು ಮಾತ್ರ ನೋವಿನ ಮಾತ್ರೆಯನ್ನು ತಾವೇ ಅಂಗಡಿಯಿಂದ ತಂದು ನುಂಗಬಾರದು, ವೈದ್ಯರನ್ನು ಕೇಳಬೇಕು.

ಅಕ್ಕನ ಕೈಗೆ ಅಷ್ಟು ಸಾಲಲಿಲ್ಲ. ಚರ್ಮ ಮಾಯ್ದ ಮೇಲೆ ನೋವಿನ ಡೈಕ್ಲೋಫೆನಾಕ್ ಜೆಲ್, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ದಿನಕ್ಕೆ ಮೂರು ಸಲ ಸೇರಿಸಿದೆವು. ಸಕ್ಕರೆ ಕಾಯಿಲೆ ಇರುವುದರಿಂದ ಕಿಡ್ನಿಯ ಯೋಚನೆ ಮಾಡಿ, ವೈದ್ಯರು ನೋವಿನ ಮಾತ್ರೆಯನ್ನು ಐದು ದಿನಕ್ಕೆ ಮಾತ್ರ ಕೊಟ್ಟರು. ಮಾರ್ಚ್ ಎರಡನೇ ವಾರಕ್ಕೆ ನೋವು ಐದಕ್ಕೆ ಬಂತು, ಅಲ್ಲೇ ನಿಂತಿತು. ಎರಡು ತಿಂಗಳ ಹಳೆಯ ನೋವು. ಆಗ ಮೂಳೆ ವೈದ್ಯರ ಹತ್ತಿರ ಸ್ಟಿರಾಯ್ಡ್ ಇಂಜೆಕ್ಷನ್‌ಗೆ ಕಳಿಸಿದೆ.

ಸ್ಟಿರಾಯ್ಡ್ ಅಂದ ಕೂಡಲೇ ಮನೆಯವರೆಲ್ಲ ಹೆದರಿದರು. ಮೈ ಊದುತ್ತದೆ, ಎಲುಬು ಟೊಳ್ಳಾಗುತ್ತದೆ ಅಂತ. ಆ ಹೆದರಿಕೆ ಸುಮ್ನೆ ಬಂದದ್ದಲ್ಲ, ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿ ಹಾಗಾದವರನ್ನು ಅವರು ನೋಡಿದ್ದಾರೆ. ಆದರೆ ಇದು ಬೇರೆ. ಸ್ವಲ್ಪವೇ ಔಷಧ, ಒಂದೇ ಸಲ, ಆ ಸುರಂಗದೊಳಗೆ ಮಾತ್ರ. ಆಪರೇಷನ್ ಇಲ್ಲದ ಚಿಕಿತ್ಸೆಗಳಲ್ಲಿ ಹೆಚ್ಚು ಫಲ ಕೊಡುವುದು ಇದೇ. ಒಂದು ಅಥವಾ ಎರಡು ಇಂಜೆಕ್ಷನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ನೋವು ಹೋಗುತ್ತದೆ, ಜೊತೆಗೆ ಬೆಲ್ಟೂ ಇದ್ದರೆ ಫಲ ಇನ್ನೂ ಚೆನ್ನಾಗಿರುತ್ತದೆ. ಹಾಗಂತ ತೊಂದರೆಯೇ ಇಲ್ಲ ಅಂತಲ್ಲ, ಅದನ್ನೂ ಮುಚ್ಚಿಡದೆ ಹೇಳಿದೆ. ಚುಚ್ಚಿದ ಜಾಗದ ಚರ್ಮ ಬೆಳ್ಳಗಾಗಬಹುದು, ಕೆಳಗಿನ ಕೊಬ್ಬು ಕರಗಿ ಸಣ್ಣ ಗುಳಿ ಬೀಳಬಹುದು. ನಮ್ಮ ಕಡೆಯ ಕಪ್ಪು ಚರ್ಮದಲ್ಲಿ ಆ ಬಿಳಿ ಎದ್ದು ಕಾಣುತ್ತದೆ. ಮೊದಲ ಒಂದೆರಡು ದಿನ ನೋವು ಜಾಸ್ತಿಯಾಗಬಹುದು. ಸಕ್ಕರೆ ಕೆಲವು ದಿನ ಏರುತ್ತದೆ. ಅಪರೂಪಕ್ಕೆ ಸೋಂಕಾಗಬಹುದು, ಸ್ನಾಯುರಜ್ಜು ಹರಿಯಲೂಬಹುದು. ಮೇಲಿಂದ ಮೇಲೆ ಚುಚ್ಚಿಸಿಕೊಳ್ಳಬಾರದು ಅನ್ನುವುದು ಇದಕ್ಕೇ.

ಇನ್ನೊಂದು ವಿಷಯ ರೋಗಿಗಳಿಗೆ ಯಾರೂ ಹೇಳುವುದಿಲ್ಲ. ಕೆಲವರ ಕೈಯಲ್ಲಿ ಆ ಸುರಂಗದ ನಡುವೆ ಒಂದು ತೆಳು ಗೋಡೆ ಇರುತ್ತದೆ, ಒಂದು ಸ್ನಾಯುರಜ್ಜು ಈ ಕಡೆ, ಇನ್ನೊಂದು ಆ ಕಡೆ. ಔಷಧ ಒಂದೇ ಕಡೆ ಹೋದರೆ ನೋವು ಉಳಿದುಬಿಡುತ್ತದೆ. ಆಗ ಇಂಜೆಕ್ಷನ್ ದಂಡ ಆಯಿತು ಅಂತ ಬೈಯುವ ಬದಲು, ಎರಡನೆಯದನ್ನು ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ನೋಡಿಕೊಂಡು ಹಾಕಿಸಲು ಆಗುತ್ತದಾ ಅಂತ ಕೇಳುವುದು ಒಳ್ಳೆಯದು. ಇದೇ ಕಾರಣಕ್ಕೆ ಈ ಇಂಜೆಕ್ಷನ್ನನ್ನು ಕೈಯ ಒಳರಚನೆ ಗೊತ್ತಿರುವ ವೈದ್ಯರ ಹತ್ತಿರವೇ ಹಾಕಿಸಬೇಕು. ಔಷಧ ಸ್ನಾಯುರಜ್ಜುವಿನ ಸುತ್ತ ಹೋಗಬೇಕು, ಅದರ ಒಳಗಲ್ಲ.

ಅಕ್ಕನಿಗೆ ಮಾರ್ಚ್ ಮೂರನೇ ವಾರ ಇಂಜೆಕ್ಷನ್ ಆಯಿತು. ಐದು ನಿಮಿಷದ ಕೆಲಸ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಮುಂಚೆ 138 ಇತ್ತು, ಎರಡನೇ ದಿನ 210, ಆರನೇ ದಿನಕ್ಕೆ 145. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ, ವೈದ್ಯರಿಗೆ ಫೋನ್ ಮಾಡಿ ತಿಳಿಸುತ್ತಾ ಇದ್ದರು. ಮೊದಲ ರಾತ್ರಿ ನೋವು ಹೆಚ್ಚಾಯಿತು. ಹತ್ತನೇ ದಿನ ಬಂದು ಏನೂ ಮಾತಾಡದೆ ಮೇಜಿನ ಮೇಲಿದ್ದ ನನ್ನ ನೀರಿನ ಬಾಟಲಿಯನ್ನು ಬಲಗೈಯಿಂದ ಎತ್ತಿ ತೋರಿಸಿದರು. ನೋವು ಹತ್ತಕ್ಕೆ ಎರಡು.

ಅಲ್ಲಿಗೆ ನಿಲ್ಲಿಸಿದರೆ ಮತ್ತೆ ಬರುತ್ತದೆ. ಇನ್ನೂ ಮೂರು ವಾರ ಬೆಲ್ಟ್ ಹಾಕಿಸಿದೆ, ಆಮೇಲೆ ರಾತ್ರಿ ಮಾತ್ರ. ವ್ಯಾಯಾಮ ಶುರು ಮಾಡಿದ್ದು ಏಪ್ರಿಲ್‌ನಲ್ಲಿ. ನೋವು ಜೋರಾಗಿರುವಾಗಲೇ ಹೆಬ್ಬೆರಳು ಮಡಚಿ ಎಳೆಯುವ ವ್ಯಾಯಾಮ ಮಾಡಬೇಡಿ, ದಯವಿಟ್ಟು. ಅದು ಗಾಯವನ್ನು ಮತ್ತೆ ಮತ್ತೆ ಕೆದಕಿದ ಹಾಗೆ. ಮೊದಲು ನೋವಿಲ್ಲದಷ್ಟು ಮಾತ್ರ ಹೆಬ್ಬೆರಳನ್ನು ಹೊರಗೆ ಚಾಚುವುದು, ಒಳಗೆ ತರುವುದು. ವಾರದ ನಂತರ ಇನ್ನೊಂದು ಕೈಯಿಂದ ತಡೆದು ಹೆಬ್ಬೆರಳನ್ನು ಆಡಿಸದೆ ಒತ್ತುವುದು, ಐದು ಎಣಿಸುವವರೆಗೆ. ಅದು ಸಲೀಸಾದ ಮೇಲೆ ತಲೆಗೂದಲಿಗೆ ಹಾಕುವ ರಬ್ಬರನ್ನು ಹೆಬ್ಬೆರಳಿಗೂ ಬೆರಳುಗಳಿಗೂ ಸೇರಿಸಿ ಹಾಕಿ ಅಗಲಿಸುವುದು. ಕೊನೆಗೆ ಅರ್ಧ ಲೀಟರ್ ಬಾಟಲಿ ಹಿಡಿದು, ಹೆಬ್ಬೆರಳು ಮೇಲಾಗಿಸಿ, ಎಡಗೈಯ ಸಹಾಯದಿಂದ ಮಣಿಕಟ್ಟು ಎತ್ತಿ, ಬಲಗೈಯಿಂದ ನಿಧಾನವಾಗಿ ಇಳಿಸುವುದು.

ಮಷೀನುಗಳ ಬಗ್ಗೆಯೂ ಕೇಳುತ್ತಾರೆ. ಅಲ್ಟ್ರಾಸೌಂಡ್ ಕಾವು, ಲೇಸರ್, ಬಣ್ಣದ ಟೇಪು. ನನ್ನ ಹತ್ತಿರವೂ ಕೆಲವು ಇವೆ, ಬಳಸುತ್ತೇನೆ, ಕೆಲವರಿಗೆ ಹಾಯೆನಿಸುತ್ತದೆ. ಆದರೆ ಬೆಲ್ಟ್ ಹಾಕದೆ, ಕೆಲಸದ ರೀತಿ ಬದಲಿಸದೆ, ಹತ್ತು ಸಿಟ್ಟಿಂಗ್‌ಗೆ ಅಂತ ಮುಂಗಡ ಹಣ ಕಟ್ಟಬೇಡಿ. ಆ ದುಡ್ಡಿನಲ್ಲಿ ಒಳ್ಳೆಯ ಬೆಲ್ಟ್ ಬರುತ್ತದೆ, ಮನೆಗೆ ಹಿಡಿಕೆ ಇರುವ ಹಗುರ ಪಾತ್ರೆಗಳೂ ಬರುತ್ತವೆ.

ಜೂನ್‌ನಲ್ಲಿ ನೋಡಿದಾಗ ಬಾವು ಇರಲಿಲ್ಲ. ಮುಷ್ಟಿ ಕಟ್ಟಿ ಬಾಗಿಸಿದಾಗ ಎರಡೂ ಕೈಯಲ್ಲಿ ಒಂದೇ ಥರದ ಎಳೆತ. ಚುಚ್ಚಿದ ಜಾಗದಲ್ಲಿ ಕಡಲೆ ಗಾತ್ರದ ಬಿಳಿ ಮಚ್ಚೆ ಬಿದ್ದಿತ್ತು, ಡಿಸೆಂಬರ್ ಹೊತ್ತಿಗೆ ಬಹುಪಾಲು ಮಾಸಿತ್ತು. ರೊಟ್ಟಿ 120ಕ್ಕೆ ಬಂದಿತ್ತು. ಎರಡನೇ ಇಂಜೆಕ್ಷನ್ ಬೇಕಾಗಲಿಲ್ಲ.

ಡಿಸೆಂಬರ್ ಮೊದಲ ವಾರ ಅವರು ಬಂದದ್ದು ನೋವಿಗಲ್ಲ. "ಜಾತ್ರಿ ರೊಟ್ಟಿ ಬಡೀಲೋ ಬ್ಯಾಡೋ ಹೇಳ್ರಿ. ಬ್ಯಾಡ ಅಂದ್ರ ಮಾತ್ರ ಕೇಳಂಗಿಲ್ಲ ಮತ್ತ" ಅಂದರು. ಬೇಡ ಅನ್ನಲಿಲ್ಲ. ಕಡಕ್ ರೊಟ್ಟಿ ತಾನೇ, ಕೆಡುವುದಿಲ್ಲ, ಹತ್ತು ದಿನದಲ್ಲಿ ಮುಗಿಸುವ ಅವಸರ ಯಾಕೆ, ಈಗಲೇ ಶುರು ಮಾಡಿ ದಿನಕ್ಕೆ 30ರಂತೆ ಮಾಡಿ ಅಂದೆ. 20 ರೊಟ್ಟಿಗೊಮ್ಮೆ ಕೈ ಬಿಡುವುದು, ರಾತ್ರಿ ಬೆಲ್ಟ್. ಬೆಳಿಗ್ಗೆ ಎದ್ದಾಗ ಆ ಜಾಗ ಒತ್ತಿ ನೋಡುವುದು, ನೋವಿದ್ದರೆ ಅವತ್ತು ರಜೆ. ಜಾತ್ರೆ ಮುಗಿದ ಮೇಲೆ ಫೋನ್ ಮಾಡಿ ವಿಚಾರಿಸಿದೆ. ಎರಡು ದಿನ ರಜೆ ತೆಗೆದುಕೊಂಡರಂತೆ, ನೋವು ಏರಲಿಲ್ಲವಂತೆ. ಹಿಟ್ಟು ಈಗಲೂ ಮಗನೇ ನಾದುತ್ತಾನೆ, ಒದ್ದೆ ಬಟ್ಟೆಯನ್ನೂ ಅವನೇ ಹಿಂಡುತ್ತಾನೆ.